ತಣ್ಣೀರು, ಉಪ್ಪು

ಶುಕ್ರವಾರ, ರೂವಿ. ಲಾಂಡ್ರಿಗೆ ರಜೆ.
ಮೇಲಿನ ಮಂಚದಲ್ಲಿ ಹಸೈನಾರ್, ಕೆಳಗೆ ನಾನು,
ನಡುವಿನ ಸರಳಿಗೆ ಕಟ್ಟಿದ ಮೊಬೈಲು.
ಅದೇ ನಾಟಕ, ಅದೇ ರಾತ್ರಿ, ಎರಡು ಸಿನಿಮಾ:
ನಿದ್ದೆಗಣ್ಣಲ್ಲಿ ಕೈ ತೊಳೆಯುವ ರಾಣಿ.

ಮೊದಲನೆಯದರಲ್ಲಿ ಬೆಳ್ಳಿ ಬೋಗುಣಿ,
ಹಬೆಯಾಡುವ ನೀರು, ಪಿಟೀಲು.
"ಬಿಸಿನೀರಾ?" ಹಸೈನಾರ್ ನಕ್ಕ.
"ರಕ್ತ ಬೆಂದು ಕೂತುಬಿಡ್ತದೆ ಮಾರಾಯ.
ತಣ್ಣೀರು, ಉಪ್ಪು. ಅಷ್ಟು ದೊಡ್ಡ ಅರಮನೆಯಲ್ಲಿ
ಬಟ್ಟೆ ಒಗೆಯುವವರು ಒಬ್ಬರೂ ಇಲ್ವಾ?"

ಎರಡನೆಯದು ಕಪ್ಪು ಬಿಳುಪು.
ನೀರೇ ಇಲ್ಲ.
ಅಂಗೈಗೆ ಅಂಗೈ ಉಜ್ಜುವ ಸದ್ದು,
ಒಣ ಖರ್ಜೂರದ ಗರಿ ಗೋಡೆಗೆ ತಾಗಿದ ಹಾಗೆ.

ಅವನು ನಗಲಿಲ್ಲ.
ಮೊನ್ನೆಯ ಗಂಟಿನಲ್ಲೊಂದು ದಿಶ್‌ದಾಶ,
ತೋಳಲ್ಲಿ ಕಂದು ಕಲೆ,
ಚೀಟಿಯಲ್ಲಿ 'ಅರ್ಜೆಂಟ್', ಅಷ್ಟೇ.
ಮೂರು ಸಲ ಒಗೆದಿದ್ದ, ಏನೂ ಕೇಳದೆ.

ಮೇಲಿಂದ ಇಳಿಬಿದ್ದ ಕೈ;
ಬ್ಲೀಚಿಗೆ ಬೆಳ್ಳಗಾದ ಹೆಬ್ಬೆರಳು
ತೋರುಬೆರಳನ್ನು ತಿಕ್ಕುತ್ತಲೇ ಇತ್ತು.