ಒಂದು ಹೊರೆ ಹುಲ್ಲು

ನಾಳೆ ಹನ್ನೆರಡಕ್ಕೆ ಹರಾಜು.
ಜೂನ್ ತಿಂಗಳ ಚಳಿ. ರುವಾಹಿನೆ ಬೆಟ್ಟದ ನೆತ್ತಿಗೆ
ಯಾರೋ ಹಿಟ್ಟು ಜರಡಿ ಹಿಡಿದ ಹಾಗೆ ಹಿಮ.
ದೊಡ್ಡಿಯಲ್ಲಿ ನಲವತ್ತೆರಡು ಆಂಗಸ್ ಹೋರಿ,
ಕತ್ತಲೆಗೇ ಕಾಲು ಮೂಡಿ ನಿಂತಂತೆ.
ಕೊಂಬಿಲ್ಲ, ಹಿಣಿಲಿಲ್ಲ,
ಉಸಿರಿನ ಬಿಳುಪೊಂದೇ ಗುರುತು.

ಪಟ್ಟಿ ಅಚ್ಚಾಗಿ ಐದು ವಾರ.
ಹೊದಿಕೆಯ ಮೇಲೆ ಹದಿನೇಳನೆಯವನ ಚಿತ್ರ.
ಹುಟ್ಟುತೂಕ, ವರ್ಷದ ತೂಕ,
ಬೆನ್ನಿನ ಮಾಂಸ, ಪಕ್ಕೆಯ ಕೊಬ್ಬು, ಅಂಡದ ಸುತ್ತಳತೆ,
ಅಳೆಯಬಹುದಾದದ್ದನ್ನೆಲ್ಲ ಅಳೆದಿದ್ದೇನೆ.
ಗಿಸ್ಬೋರ್ನ್‌ನಿಂದ ಇಬ್ಬರು, ದಕ್ಷಿಣದ್ವೀಪದಿಂದ ಒಬ್ಬ
ಆಗಲೇ ಫೋನು ಮಾಡಿ ಕೇಳಿದ್ದಾರೆ.
ಅವನೊಬ್ಬನ ದುಡ್ಡು
ನಮ್ಮ ಗುಡ್ಡಕ್ಕೆ ಎರಡು ವರ್ಷದ ಗೊಬ್ಬರ.

ಸಂಜೆ ತೂಕದ ಕಟ್ಟೆಯಿಂದ ಇಳಿಯುವಾಗ ಕಂಡೆ.
ಎಡ ಹಿಂಗಾಲು.
ಒಳಗೊರಸು ಹೊರಗೊರಸಿನ ಮೇಲೆ
ಮೆಲ್ಲಗೆ ಹತ್ತುತ್ತಿದೆ,
ಅರ್ಧ ಮುಚ್ಚಿದ ಕತ್ತರಿ.
ಏಪ್ರಿಲ್‌ನಲ್ಲಿ ಇರಲಿಲ್ಲ.
ಇತ್ತೇನೋ. ನಾನು ಅಂಕಿ ನೋಡುತ್ತಿದ್ದೆ.

ಹರಾಜಿನ ಲಕ್ಲನ್ ಕಾಲು ನೋಡಿದ, ಆಕಾಶ ನೋಡಿದ,
ಗಡ್ಡ ಕೆರೆದುಕೊಂಡ.
"ಕಣದಲ್ಲಿ ಇನ್ನೊಂದು ಹೊರೆ ಹುಲ್ಲು ಹರಡಿಸಿ,"
ಅಷ್ಟೇ ಅಂದ.

ಹರಡಿದೆ.
ಸುಳ್ಳು ಯಾಕೆ, ಹರಡಿದೆ. ನಾನೇ, ಎರಡು ಕೈಯಲ್ಲಿ.
ಅಷ್ಟು ಹುಲ್ಲಿನಲ್ಲಿ ನಿಂತರೆ
ಲೋಕದ ಯಾವ ಹೋರಿಗೂ ಪಾದವೇ ಇಲ್ಲ.
ಎತ್ತು ಈದಿದೆ ಅಂದರೂ
ಕೊಟ್ಟಿಗೆಗೆ ಕಟ್ಟು ಅನ್ನುವ ಜನ,
ಬಣ್ಣದ ಪಟ್ಟಿ ಕೈಯಲ್ಲಿದ್ದರೆ
ಬಗ್ಗಿ ನೋಡುವವರು ಯಾರು?

ಒಬ್ಬನಿದ್ದ. ತಾಯ್ಹಾಪೆ ಕಡೆಯ ತಾಮತಿ ರುರು.
ಪಟ್ಟಿಯನ್ನು ಸುರುಳಿ ಸುತ್ತಿ ಜೇಬಿಗಿಟ್ಟು,
ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು
ಮೊದಲು ಗೊರಸು, ಆಮೇಲೆ ಕಣ್ಣು.
ಇಪ್ಪತ್ತು ವರ್ಷ ಹಾಗೇ ಕೊಂಡ.
ಈ ವರ್ಷ ಸೊಂಟಕ್ಕೆ ಉಕ್ಕು ಹಾಕಿಸಿಕೊಂಡಿದ್ದಾನೆ.
ಮೊನ್ನೆ ಫೋನಿನಲ್ಲಿ, ಹವಾಮಾನದ ಮಾತಿನ ನಡುವೆ:
"ಐಲ್ಸಾ, ಈ ಸಲ ಕಾಲು ನೀನೇ ನೋಡಿಬಿಡು."

ಅಪ್ಪ ಅನ್ನುತ್ತಿದ್ದ,
ಹಸು ತಪ್ಪಿದರೆ ಒಂದು ಕರು,
ಹೋರಿ ತಪ್ಪಿದರೆ ಒಂದು ತಲೆಮಾರು.
ಅನ್ನುತ್ತಿದ್ದ, ಸರಿ.
ಅವನ ಕಾಲದಲ್ಲಿ ಗೊಬ್ಬರ ಅಗ್ಗ.

ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ಹೋದೆ.
ಹುಲ್ಲು ಎಳೆದು ಹೊರಗೆ ಹಾಕಲು
ಹರಡಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.
ನಲವತ್ತೆರಡು ತಲೆ ತಿರುಗಿದವು,
ಒಂದೂ ಏನೂ ಕೇಳಲಿಲ್ಲ.

ಬೆಳಿಗ್ಗೆ ಲಕ್ಲನ್ ಗಂಟಲು ಸರಿಮಾಡಿಕೊಂಡು
"ಹದಿನೇಳು, ಹಿಂದಕ್ಕೆ. ಕಾಲು," ಎಂದ.
ಎಂಬತ್ತು ಕುರ್ಚಿ ಒಮ್ಮೆ ಕಿರುಗುಟ್ಟಿದವು.
ಕೈಯಲ್ಲಿ ಪೈ ಹಿಡಿದವನೊಬ್ಬ ಬಾಯಿಗಿಡುವುದು ಮರೆತ.
"ಇಷ್ಟಕ್ಕೇನಾ?" ದಕ್ಷಿಣದವನು ಎದ್ದುಹೋದ.
ಆಮೇಲೆ ನಾಲ್ಕಾರು ಹೋರಿಗೆ ಕೂಗು ಏಳಲೇ ಇಲ್ಲ.
ಒಂದಕ್ಕೆ ಸಂಶಯ ಬಂದರೆ ಎಲ್ಲರೂ ಬಗ್ಗುತ್ತಾರೆ.

ತಾಮತಿ ಮೂವತ್ತೊಂದನ್ನು ಕೊಂಡ.
ಯಾರೂ ಚಿತ್ರ ತೆಗೆಯದ ಸಾದಾ ಮೋರೆ,
ಹುಟ್ಟಿದಾಗ ಮೂವತ್ತೆರಡೇ ಕಿಲೋ.
"ಇದರಲ್ಲಿ ಏನು ಮಾರುತ್ತಿದ್ದೀಯ ನನಗೆ?"
ಊರುಗೋಲಿನ ಮೇಲೆ ಭಾರ ಬಿಟ್ಟು ಕೇಳಿದ.
"ನಿದ್ದೆ," ಅಂದೆ.
"ನಿನ್ನ ಅರವತ್ತು ಕಡಸುಗಳು ಮಳೆಯಲ್ಲಿ ಈಯುವಾಗ
ನೀನು ಏಳಬೇಕಾಗಿಲ್ಲ."
ನಗಲಿಲ್ಲ ಅವನು. ಚೆಕ್ಕು ಬರೆದ.

ಗುರುವಾರ ಕಸಾಯಿಖಾನೆಯ ಲಾರಿ.
ಹದಿನೇಳನೆಯವನು ಹಲಗೆ ಹತ್ತಿದ ಸದ್ದು,
ಮೂರು ಗಟ್ಟಿ, ಒಂದು ಮೆತ್ತಗೆ.
ಅಲ್ಲಿ ಕಿಲೋ ಲೆಕ್ಕಕ್ಕೆ ದುಡ್ಡು.
ತಕ್ಕಡಿಗೆ ಏರಿಸುವ ಮೊದಲೇ
ಪಾದ ಕಡಿದು ಪಕ್ಕಕ್ಕೆ ಇಡುತ್ತಾರೆ.
ಅದು ಲೆಕ್ಕಕ್ಕೇ ಬರುವುದಿಲ್ಲ.