ಎಂಬತ್ತೊಂಬತ್ತೋ, ತೊಂಬತ್ತೆಂಟೋ

ಮಾಲ್ದಾರೆ ತೋಟದ ರೈಟರ್ ಉತ್ತಯ್ಯನ ಚೀಟಿಯಲ್ಲಿ
ತೊಂಬತ್ತೆಂಟು ಚೀಲ ರೊಬಸ್ಟಾ.
ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸಿನಲ್ಲಿ, ನನ್ನ ಪುಸ್ತಕದಲ್ಲಿ,
ಎಂಬತ್ತೊಂಬತ್ತು.
ವ್ಯತ್ಯಾಸ ಒಂಬತ್ತು ಬಂದರೆ
ಅಂಕಿ ಅದಲುಬದಲಾಗಿರಬೇಕು ಅನ್ನುವುದು
ಹಳೆಯ ಗುಮಾಸ್ತರ ಮಾತು.
ಅದಲು ಯಾರದು, ಬದಲು ಯಾರದು,
ಅದನ್ನು ಮಾತ್ರ ಒಂಬತ್ತು ಹೇಳುವುದಿಲ್ಲ.

ಇಳಿಸಿ ಎಣಿಸೋಣವೆಂದರೆ
ಹಮಾಲರು ಬರುವ ದಾರಿಗೆ ಒಂಟಿ ಸಲಗ ಅಡ್ಡ ನಿಂತಿದೆ.
ಅರಣ್ಯದವರ ಗರ್ನಾಲು ಎರಡು ಸಿಡಿದವು,
ಮೂರನೆಯದು ಠುಸ್.
ಕರೆಂಟೂ ಹೋಯಿತು.
ಡ್ರೈವರ್ ಉಮ್ಮರ್ ಲಾಟೀನಿನ ಬತ್ತಿ ಏರಿಸುತ್ತ ಅಂದ:
"ಜಗಳ ಯಾಕೆ ಸಾರ್, ಎರಡನ್ನೂ ಕೂಡಿಸಿಬಿಡಿ."

ಕೂಡಿಸಿದೆ, ತಮಾಷೆಗೆ. ನೂರ ಎಂಬತ್ತೇಳು.
"ಈಗ ಅದನ್ನು ತಿರುಗಿಸು," ಅಂದ ಉತ್ತಯ್ಯ,
"ಏಳುನೂರ ಎಂಬತ್ತೊಂದು. ಕೂಡಿಸು. ಮತ್ತೆ ತಿರುಗಿಸು.
ವಿರಾಜಪೇಟೆಗೆ ಹೋಗುವ ನಮ್ಮ 'ನವಜೀವನ' ಬಸ್ಸಿನ ಹಾಗೆ
ಆಚೆಯಿಂದಲೂ ಈಚೆಯಿಂದಲೂ ಒಂದೇ ಆಗುವ ತನಕ
ಬಿಡಬೇಡ."

ತೂಕದ ಚೀಟಿಗಳ ಬೆನ್ನು ತುಂಬಿತು.
ಹತ್ತನೆಯ ಸಲಕ್ಕೆ ಮೂವರೂ ಉಸಿರು ಹಿಡಿದೆವು:
8872688.
ಏಳರ ಎದುರು ಆರು ನಿಂತಿತ್ತು, ಅಷ್ಟೇ.
ಒಂದೇ ಒಂದು ಕಡಿಮೆ!
ಮುಂದಿನ ಮೆಟ್ಟಿಲಿಗೆ ಎಲ್ಲ ಚೆಲ್ಲಾಪಿಲ್ಲಿ,
17735476,
ಗೂಡು ಕೆದಕಿದ ಕೆಂಜಿಗದಂತೆ.

ಹದಿಮೂರರಲ್ಲಿ ನಾನು ದಶಕ ಮರೆತೆ.
ಉತ್ತಯ್ಯನಿಗೆ ಹೇಗೋ ಗೊತ್ತಾಯಿತು.
"ಮೊದಲ ಮೊತ್ತ ಹನ್ನೊಂದರ ಮಗಳು," ಅಂದ,
"ಹನ್ನೊಂದು ಹದಿನೇಳಲಿ ನೂರ ಎಂಬತ್ತೇಳು.
ತಿರುಗಿಸಿದರೂ ಕೂಡಿಸಿದರೂ ಆ ರಕ್ತ ಹೋಗುವುದಿಲ್ಲ.
ನಿನ್ನದು ಭಾಗಿಸು, ಶೇಷ ಉಳಿಯುತ್ತೆ ನೋಡು."
ಉಳಿಯಿತು. ಒರೆಸಿದೆ.

"ಎಲ್ಲ ಅಂಕಿಗೂ ಹೀಗೆ ಮನೆ ಸಿಗುತ್ತಾ?" ಉಮ್ಮರ್ ಕೇಳಿದ.
"ನೂರ ತೊಂಬತ್ತಾರು ಅಂತ ಒಂದಿದೆ," ಅಂದ ಉತ್ತಯ್ಯ.
"ಸೇರಿದ್ದನ್ನು ಯಾರೂ ಕಂಡಿಲ್ಲ.
ಸೇರುವುದೇ ಇಲ್ಲ ಅಂತಲೂ
ಯಾರಿಂದಲೂ ಸಾಧಿಸಲಾಗಿಲ್ಲ."
ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇಪ್ಪತ್ತನಾಲ್ಕನೆಯದು ಬರುವಾಗ
ಮಸೀದಿಯಿಂದ ಸುಬಹಿಯ ಬಾಂಗು.
8813200023188.
ಎಂಟು ಲಕ್ಷದ ಎಂಬತ್ತೊಂದು ಸಾವಿರದ ಮುನ್ನೂರ ಇಪ್ಪತ್ತು ಕೋಟಿ,
ಮೇಲೆ ಇಪ್ಪತ್ತಮೂರು ಸಾವಿರದ ನೂರ ಎಂಬತ್ತೆಂಟು.
ನಡುವೆ ಮೂರು ಸೊನ್ನೆ, ಯಾರೂ ಕೂರದ ಬೆಂಚು.
ಅವನ ತೊಂಬತ್ತೆಂಟರಿಂದ ಹೊರಟರೂ
ನನ್ನ ಎಂಬತ್ತೊಂಬತ್ತರಿಂದ ಹೊರಟರೂ
ಬಂದು ನಿಲ್ಲುವುದು ಇಲ್ಲೇ.

ಸಲಗ ಯಾವಾಗ ಹೋಯಿತೋ ನೋಡಿದವರಿಲ್ಲ.
ಏಳಕ್ಕೆ ಹಮಾಲರು ಬಂದರು, ಇಳಿಸಿದರು, ಎಣಿಸಿದರು.
ತೊಂಬತ್ತೆಂಟು.
ಹೊಡೆದು ತಿದ್ದಿದೆ, ಪಕ್ಕದಲ್ಲಿ ಸಹಿ ಹಾಕಿದೆ.

ಕೊನೆಯ ಚೀಟಿಯ ಕೆಳಗೆ
ಕಾರ್ಬನ್ ತಲೆಕೆಳಗಾಗಿ ಸಿಕ್ಕಿಕೊಂಡಿತ್ತು.
ಆ ಇಡೀ ಸಂಖ್ಯೆ ಹಾಳೆಯ ಮಗ್ಗುಲಿಗೂ ಮೂಡಿದೆ,
ನೀಲಿಯಾಗಿ, ಕನ್ನಡಿಯೊಳಗಿನ ಹಾಗೆ.
ಎಂಟು, ಒಂದು, ಸೊನ್ನೆ ಇದ್ದ ಹಾಗೇ ಇವೆ.
ಮೂರು ಮತ್ತು ಎರಡು ಮಾತ್ರ
ಮುಖ ತಿರುಗಿಸಿಕೊಂಡಿವೆ.