ಏಳನೇ ಪುಟದ ಗೂಡ್ಸು

ಬೇಳೆ ಮೂಟೆಗಳ ನಡುವೆ ಕುಂತು ಓದಿದ್ದೆ.
ಬಿಸಿಯೂಟದ ಉಗ್ರಾಣ, ಕಿಟಕಿಗೆ ಕಂಬಳಿ.
ಅರಸೀಕೆರೆಯಲ್ಲಿ ಸದ್ದಿಲ್ಲದ ಜಾಗ
ಅದೊಂದೇ; ಅಲ್ಲೂ ಇಲಿ.
ಮೊಬೈಲನ್ನು ಬಾಯಿಗೆ ಹತ್ತಿರ ಹಿಡಿದು
ಇರುವೆಯ ಕತೆ, ಹನ್ನೆರಡು ಪುಟ.

ಆಮೇಲೆ ರಾತ್ರಿ ಮನೆಯಲ್ಲಿ
ಒಂದೊಂದು ಪದಕ್ಕೂ ದನಿಯ ಗಂಟು ಹಾಕಿದೆ:
ಶುರುವಾದಲ್ಲಿ ಒಂದು ಒತ್ತು, ಮುಗಿದಲ್ಲಿ ಒಂದು.
‘ಬೆಲ್ಲದ’ ಅನ್ನುವುದಕ್ಕೆ ಅರೆ ಸೆಕೆಂಡು.
‘ಅಚ್ಚಿನ’ ಅನ್ನುವ ಮುಂಚೆ ಉಗುಳು ನುಂಗಿದ್ದೆ,
ಅದೂ ಕೇಳುತ್ತದೆ.
ಈಗ ನಾನು ಹೇಳಿದ ಹಾಗೆಲ್ಲ ಪರದೆಯ ಮೇಲೆ
ಹಳದಿ ಬಣ್ಣ ಪದದಿಂದ ಪದಕ್ಕೆ ಹೋಗುತ್ತದೆ
ಒಂದು ಕಾಳೂ ಬಿಡದೆ ಹೆಕ್ಕುವ ಕೋಳಿಯ ಹಾಗೆ.

ನಗೀನಾ, ಐದನೇ ಕ್ಲಾಸು.
ಅವಳ ಅಬ್ಬಾ ಕೊಬ್ಬರಿ ಮಂಡಿಯಲ್ಲಿ
ಕಾಯಿ ಒಡೆದು ಚಿಪ್ಪು ಬಿಡಿಸುತ್ತಾರೆ.
ಅವಳು ಪದ ಒಡೆಯುತ್ತಿದ್ದಳು:
ಬ ಎತ್ವ ಬೆ, ಲ-ಕ್ಕೆ ಲ ಒತ್ತು ಲ್ಲ, ದ...
ಕೊನೆಯ ಚೂರು ಕೈಗೆ ಸಿಗುವಷ್ಟರಲ್ಲಿ
ಮೊದಲ ಚೂರು ಎಲ್ಲೋ ಉರುಳಿ ಹೋಗಿ
ಬೆಲ್ಲ ಬೆಲ್ಲವಾಗುತ್ತಲೇ ಇರಲಿಲ್ಲ.

ಇಯರ್‌ಫೋನು ಒಂದೇ ಜೊತೆ, ಎಡಗಡೆಯದು ಸತ್ತಿದೆ.
ಬಲಗಿವಿಯಲ್ಲಿ ನಾನು,
ಎಡಗಿವಿಯಲ್ಲಿ ಪಕ್ಕದ ಕೋಣೆಯ ಏಳರ ಮಗ್ಗಿ,
ಪರದೆಯ ಮೇಲೆ ಅವಳ ಬೆರಳು
ಹಳದಿಗಿಂತ ಒಂದು ಪದ ಹಿಂದೆ.
ಶ್ರಾವಣ ಕಳೆಯಿತು. ಬೆರಳು, ಹಳದಿ ಜೊತೆಜೊತೆ.
ದಸರಾ ರಜೆ ಮುಗಿಸಿ ಬಂದ ವಾರ
ಬೆರಳು ಮುಂದೆ,
ನನ್ನ ದನಿಯೇ ಏದುಸಿರು ಬಿಡುತ್ತ ಹಿಂದಿನಿಂದ ಓಡಿ ಬರುತ್ತಿತ್ತು.
“ನೀವು ತುಂಬಾ ನಿಧಾನ ಮಿಸ್,” ಅಂದಳು.

ಮೊನ್ನೆ ಸಾಹೇಬರು ಬಂದರು, ಸ್ಟಾಪ್‌ವಾಚು ಸಮೇತ.
ಟ್ಯಾಬು ಬೇಡ, ಕಾಗದದ್ದು ಕೊಡಿ,
ನಿಮಿಷಕ್ಕೆಷ್ಟು ಪದ ನೋಡೋಣ.
ಓದಿದಳು. ನಾನು ಎಳೆಯುವಲ್ಲಿ ಎಳೆದು,
ನಾನು ನಗುವಲ್ಲಿ ನಕ್ಕು.
ಏಳನೇ ಪುಟ:
ಇರುವೆ ಬೆಲ್ಲದ ಅಚ್ಚಿನ ಮೇಲೆ ನಿಂತು

ನಿಂತಳು.

ವಾಚು ಓಡುತ್ತಿತ್ತು. ಪೆನ್ನು ಕಾಗದಕ್ಕೆ ತಾಗಿತು.
ಮುಂದಿನ ಪದ ಗೊತ್ತಿಲ್ವೇನಮ್ಮ?
ಅವಳು ಅಂಗೈ ಎತ್ತಿದಳು, ಇರಿ ಅನ್ನುವ ಹಾಗೆ.
ರೈಲ್ವೆ ಗೇಟಿನಲ್ಲಿ ಲಾರಿಯವರು ಕಾಯುತ್ತಾರಲ್ಲ,
ಹಾಗೆ, ಎದುರಿನ ಗೋಡೆ ನೋಡುತ್ತ.
“ಗೂಡ್ಸು ಹೋಗ್ಲಿ ಸಾರ್.”

ಆಗ ನೆನಪಾಯಿತು ಆ ಮಧ್ಯಾಹ್ನ:
ಕಂಬಳಿ ತೂರಿ ಬಂದ ಸೀಟಿ, ಅದುರಿದ ಮೂಟೆ,
ಬಾಯಿ ಮುಚ್ಚಿಕೊಂಡು
ಗಾಲಿ ಸದ್ದಿನಲ್ಲೇ ಬೋಗಿ ಎಣಿಸಿದ್ದು, ನಲವತ್ತೆರಡು,
ಆಮೇಲೆ ಕತ್ತರಿಸೋಣ ಅಂದುಕೊಂಡು
ಮರೆತಿದ್ದು.

ಊರು ನೋಡಿತು, ಅಂತ ಮುಗಿಸಿದಳು
ಸರಿಯಾಗಿ ನಲವತ್ತೆರಡು ಬೋಗಿ ದಾಟಿದ ಮೇಲೆ.
ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.
ಸಾಹೇಬರು ‘ತಡವರಿಕೆ: ಒಂದು’ ಅಂತ ಬರೆದು
ಟೀ ಕುಡಿದು ಹೋದರು.

ರಾತ್ರಿ ಏಳನೇ ಪುಟ ತೆರೆದು
ಕತ್ತರಿ ಗುರುತಿನ ಮೇಲೆ ಬೆರಳಿಟ್ಟೆ.
ಸೀಟಿ. ಮೂಟೆ. ಇಲಿ ಕೂಡ, ಸಣ್ಣಗೆ.
ಅಷ್ಟು ಹೊತ್ತೂ ಹಳದಿ
‘ನಿಂತು’ವಿನ ಮೇಲೆ ನಿಂತೇ ಇತ್ತು.